ಬಾಕ್ಯುಲಾ ಬ್ಯಾಕಪ್ ಜಾಬ್ ಫೇಲ್ ಆದರೆ ಎಲ್ಲಿಂದ ಹುಡುಕಬೇಕು? ಹಂತ ಹಂತದ ಮಾರ್ಗದರ್ಶಿ

ಬ್ಯಾಕಪ್ ಜಾಬ್ ಫೇಲ್ ಆಯಿತು ಅಂತ ಬೆಳಿಗ್ಗೆ ಮೇಲ್ ಬಂದರೆ ಬಹಳ ಜನ ಮೊದಲು ಅದೇ ಜಾಬನ್ನು ಮತ್ತೆ ಓಡಿಸುತ್ತಾರೆ. ಮತ್ತೂ ಫೇಲ್ ಆದರೆ ಎಲ್ಲ ಸರ್ವಿಸ್‌ಗಳನ್ನೂ ರೀಸ್ಟಾರ್ಟ್ ಮಾಡುತ್ತಾರೆ. ಅದೂ ಆಗಲಿಲ್ಲ ಅಂದರೆ ಕಾನ್ಫಿಗ್ ಫೈಲ್ ತೆಗೆದು ಕೈಗೆ ಸಿಕ್ಕಿದ್ದನ್ನೆಲ್ಲ ಬದಲಿಸುತ್ತಾರೆ. ಅಷ್ಟು ಹೊತ್ತಿಗೆ ಮೂಲ ತೊಂದರೆಯ ಜೊತೆ ಹೊಸದಾಗಿ ಎರಡು ಸೇರಿಕೊಂಡಿರುತ್ತವೆ.

ಬಾಕ್ಯುಲಾ ಎಂಬ ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಡೇಟಾ ಒಂದು ನಿಗದಿತ ದಾರಿಯಲ್ಲಿ ಹೋಗುತ್ತದೆ. ಆ ದಾರಿಯಲ್ಲಿ ಎಲ್ಲಿ ನಿಂತಿದೆ ಎಂದು ಗೊತ್ತಾಗುವವರೆಗೆ ಏನನ್ನೂ ಮುಟ್ಟಬೇಡಿ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಲಿನಕ್ಸ್ ಸರ್ವರ್‌ನಲ್ಲಿ ಡಿಸ್ಕ್‌ಗೆ ಬ್ಯಾಕಪ್ ತೆಗೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬಾಕ್ಯುಲಾದಿಂದಲೇ ಕವಲೊಡೆದ ಬಾರಿಯೋಸ್ ಬಳಸುವವರಿಗೂ ಬಹುಪಾಲು ಇದೇ ಅನ್ವಯಿಸುತ್ತದೆ. ಅಲ್ಲಿ ಕಾನ್ಫಿಗ್ ಫೈಲ್‌ಗಳು ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಹಂಚಿಹೋಗಿರುತ್ತವೆ, ಅಷ್ಟೇ.

## ಶುರು ಮಾಡುವ ಮುಂಚೆ

ಬಿಕನ್ಸೋಲ್ (ಬಾಕ್ಯುಲಾಗೆ ಕಮಾಂಡ್ ಕೊಡುವ ಪ್ರೋಗ್ರಾಂ) ತೆರೆಯುವ ಅನುಮತಿ ಬೇಕು. ಬ್ಯಾಕಪ್ ಸರ್ವರ್ ಮತ್ತು ಕ್ಲೈಂಟ್ (ಬ್ಯಾಕಪ್ ಆಗಬೇಕಾದ ಮಷೀನ್) ಎರಡರಲ್ಲೂ ರೂಟ್ ಆಗಿ ಲಾಗಿನ್ ಆಗಲು ಬರಬೇಕು. ಕ್ಲೈಂಟ್ ಬೇರೆಯವರ ಕೈಯಲ್ಲಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಒಂದೇ ತುದಿಯಿಂದ ನೋಡಿ ನೆಟ್‌ವರ್ಕ್ ತೊಂದರೆ ಹಿಡಿಯುವುದು ಆಗದ ಕೆಲಸ.

ಇನ್ನೊಂದು ಮುಖ್ಯ ಸಾಧನ, ಒಂದು ಪುಟ್ಟ ಟೆಸ್ಟ್ ಜಾಬ್. ಕ್ಲೈಂಟ್‌ನ ಇಟಿಸಿ ಫೋಲ್ಡರ್ ಒಂದನ್ನೇ ಬ್ಯಾಕಪ್ ಮಾಡುವ ಜಾಬ್ ಬರೆದಿಟ್ಟುಕೊಳ್ಳಿ. ಅದಕ್ಕೆ ಪ್ರತ್ಯೇಕ ಪೂಲ್ ಕೊಡಿ. ಬ್ಯಾಕಪ್ ಬರೆಯುವ ಡಿಸ್ಕ್ ಫೈಲ್ ಅಥವಾ ಟೇಪ್‌ಗೆ ವಾಲ್ಯೂಮ್ ಎನ್ನುತ್ತಾರೆ, ಅವುಗಳ ಗುಂಪೇ ಪೂಲ್. ನಿಜವಾದ ಫುಲ್ ಬ್ಯಾಕಪ್ ಓಡಿಸಿ ಗಂಟೆಗಟ್ಟಲೆ ಕಾಯುವ ಬದಲು, ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

## ಹಂತ 1: ಯಾರು ಯಾರಿಗೆ ಕನೆಕ್ಟ್ ಆಗುತ್ತಾರೆ ಎಂದು ಬರೆದುಕೊಳ್ಳಿ

ಬಾಕ್ಯುಲಾ ಒಂದೇ ಪ್ರೋಗ್ರಾಂ ಅಲ್ಲ. ಯಾವ ಜಾಬ್ ಯಾವಾಗ ಓಡಬೇಕು ಎಂದು ಹೇಳುವುದು ಡೈರೆಕ್ಟರ್. ಅದರ ಪೋರ್ಟ್ 9101. ಬ್ಯಾಕಪ್ ಆಗಬೇಕಾದ ಪ್ರತಿ ಮಷೀನ್‌ನಲ್ಲೂ ಒಂದು ಫೈಲ್ ಡೀಮನ್ (ಡೀಮನ್ ಎಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಇರುತ್ತದೆ; ಪೋರ್ಟ್ 9102. ಡಿಸ್ಕ್ ಅಥವಾ ಟೇಪ್‌ಗೆ ಬರೆಯುವುದು ಸ್ಟೋರೇಜ್ ಡೀಮನ್, ಪೋರ್ಟ್ 9103. ಯಾವ ಫೈಲ್ ಯಾವ ವಾಲ್ಯೂಮ್‌ನಲ್ಲಿದೆ ಎಂಬ ಲೆಕ್ಕವೆಲ್ಲ ಕ್ಯಾಟಲಾಗ್ ಡೇಟಾಬೇಸ್‌ನಲ್ಲಿ ಇರುತ್ತದೆ.

ಜಾಬ್ ಶುರುವಾದಾಗ ಡೈರೆಕ್ಟರ್ ಮೊದಲು ಸ್ಟೋರೇಜ್‌ಗೆ ಕನೆಕ್ಟ್ ಆಗುತ್ತದೆ. ಆಮೇಲೆ ಕ್ಲೈಂಟ್‌ಗೆ. ನಂತರ ಕ್ಲೈಂಟ್ ತಾನೇ ಸ್ಟೋರೇಜ್‌ಗೆ ಕನೆಕ್ಟ್ ಆಗಿ ಡೇಟಾ ಕಳಿಸುತ್ತದೆ. ಈ ಕೊನೆಯದನ್ನೇ ಜನ ಮರೆಯುವುದು. ಡೇಟಾ ಡೈರೆಕ್ಟರ್ ಮೂಲಕ ಹೋಗುವುದಿಲ್ಲ. ಹಾಗಾಗಿ ಡೈರೆಕ್ಟರ್‌ನಿಂದ ಎರಡೂ ಕಡೆ ಕನೆಕ್ಷನ್ ಚೆನ್ನಾಗಿದ್ದರೂ ಜಾಬ್ ಫೇಲ್ ಆಗಬಹುದು.

ಬಿಕನ್ಸೋಲ್‌ನಲ್ಲಿ ಸ್ಟೇಟಸ್ ಡೈರೆಕ್ಟರ್, ಸ್ಟೇಟಸ್ ಸ್ಟೋರೇಜ್, ಸ್ಟೇಟಸ್ ಕ್ಲೈಂಟ್ ಮೂರನ್ನೂ ಒಂದೊಂದಾಗಿ ಕೊಟ್ಟು ನೋಡಿ. ಯಾವುದು ಉತ್ತರ ಕೊಡುವುದಿಲ್ಲವೋ ಅಲ್ಲಿಂದ ಹುಡುಕಾಟ ಶುರು. ಮೂರೂ ಉತ್ತರ ಕೊಟ್ಟರೆ ಕ್ಲೈಂಟ್‌ನಿಂದ ಸ್ಟೋರೇಜ್‌ಗೆ ಹೋಗುವ ದಾರಿ, ವಾಲ್ಯೂಮ್, ಫೈಲ್‌ಸೆಟ್ (ಯಾವ ಫೈಲ್‌ಗಳನ್ನು ಬ್ಯಾಕಪ್ ಮಾಡಬೇಕು ಎಂಬ ಪಟ್ಟಿ) ಇಷ್ಟು ಉಳಿಯಿತು.

## ಹಂತ 2: ರಿಪೋರ್ಟ್‌ನ ಕೊನೆಯ ಸಾಲು ಬಿಟ್ಟು ಮೊದಲ ಎರರ್ ಓದಿ

ಲಿಸ್ಟ್ ಜಾಬ್ಸ್ ಕೊಟ್ಟರೆ ಪ್ರತಿ ಜಾಬ್‌ನ ಎದುರು ಒಂದು ಅಕ್ಷರ ಕಾಣುತ್ತದೆ. ಕ್ಯಾಪಿಟಲ್ ಟಿ ಎಂದರೆ ಸರಿಯಾಗಿ ಮುಗಿದಿದೆ. ಡಬ್ಲ್ಯೂ ಎಂದರೆ ಎಚ್ಚರಿಕೆಗಳೊಂದಿಗೆ ಮುಗಿದಿದೆ. ಕ್ಯಾಪಿಟಲ್ ಇ ಎಂದರೆ ಎರರ್, ಸ್ಮಾಲ್ ಎಫ್ ಎಂದರೆ ಮುಂದುವರಿಯಲಾಗದ ಎರರ್. ಎ ಎಂದರೆ ಯಾರೋ ಕ್ಯಾನ್ಸಲ್ ಮಾಡಿದ್ದಾರೆ. ಕ್ಯಾಪಿಟಲ್, ಸ್ಮಾಲ್ ನೋಡಿ ಓದಿ, ಎಫ್ ಕ್ಯಾಪಿಟಲ್ ಆದರೆ ಕ್ಲೈಂಟ್‌ಗಾಗಿ ಕಾಯುತ್ತಿದೆ ಎಂಬ ಬೇರೆಯೇ ಅರ್ಥ.

ಆಮೇಲೆ ಆ ಜಾಬ್‌ನ ನಂಬರ್ ಹಾಕಿ ಲಿಸ್ಟ್ ಜಾಬ್‌ಲಾಗ್ ಕೊಡಿ. ಲಾಗ್ ಅನ್ನು ಮೇಲಿನಿಂದ ಕೆಳಗೆ ಓದಿ. ಒಂದು ಕನೆಕ್ಷನ್ ಕಡಿದರೆ ಮೂರೂ ಡೀಮನ್‌ಗಳು ತಮ್ಮ ತಮ್ಮ ಭಾಷೆಯಲ್ಲಿ ದೂರು ಹೇಳುತ್ತವೆ. ಕೊನೆಯಲ್ಲಿ ಕಾಣುವ ಐದಾರು ಎರರ್‌ಗಳು ಸಾಮಾನ್ಯವಾಗಿ ಮೊದಲನೆಯದರ ಪರಿಣಾಮ. ಸರ್ಚ್‌ಗೆ ಹಾಕಬೇಕಾದ್ದು ಮೊದಲನೆಯದನ್ನು.

ಸರಿಯಾಗಿ ಮುಗಿದ ಜಾಬ್‌ನ ರಿಪೋರ್ಟ್ ಕೂಡ ಓದಬೇಕು. ಇವು ಕಂಡರೆ ನಿಲ್ಲಿ:

- ಫುಲ್ ಬ್ಯಾಕಪ್, ಆದರೆ ಬರೆದ ಫೈಲ್‌ಗಳು ಸೊನ್ನೆ ಅಥವಾ ಬೆರಳೆಣಿಕೆ.
- ಕ್ಲೈಂಟ್ ಕಳಿಸಿದ ಫೈಲ್‌ಗಳ ಸಂಖ್ಯೆಯೂ ಸ್ಟೋರೇಜ್ ಬರೆದ ಸಂಖ್ಯೆಯೂ ಬೇರೆ ಬೇರೆ.
- ಕಳೆದ ವಾರದ ಫುಲ್‌ಗಿಂತ ಈ ವಾರದ್ದು ಅರ್ಧಕ್ಕೆ ಇಳಿದಿದೆ, ಆದರೆ ಸರ್ವರ್‌ನಲ್ಲಿ ಯಾರೂ ಏನೂ ಅಳಿಸಿಲ್ಲ.
- ನಾನ್-ಫೇಟಲ್ ಎರರ್‌ಗಳ ಸಂಖ್ಯೆ ದಿನಾ ಒಂದೇ ಇದೆ. ಅಂದರೆ ಅದೇ ಫೈಲ್‌ಗಳು ದಿನಾ ತಪ್ಪಿಹೋಗುತ್ತಿವೆ.

ತಾತ್ಕಾಲಿಕ ಫೈಲ್‌ಗಳು ಬ್ಯಾಕಪ್ ಮಧ್ಯೆ ಮಾಯವಾದರೂ ಎಚ್ಚರಿಕೆ ಬರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಆ ಫೋಲ್ಡರನ್ನು ಎಕ್ಸ್‌ಕ್ಲೂಡ್ ಮಾಡಿ. ಸುಮ್ನೆ ಬಿಟ್ಟರೆ ಎಚ್ಚರಿಕೆ ನೋಡಿ ನೋಡಿ ಕಣ್ಣಿಗೆ ಅಭ್ಯಾಸವಾಗುತ್ತದೆ, ನಿಜವಾದದ್ದು ಬಂದಾಗ ಕಾಣುವುದಿಲ್ಲ.

## ಹಂತ 3: ಜಾಬ್ ನಿಂತಿದೆಯಾ, ಕಾಯುತ್ತಿದೆಯಾ?

ಜಾಬ್ ರಾತ್ರಿಯಿಂದ ಹಾಗೇ ನಿಂತಿದೆ ಎಂದು ಕ್ಯಾನ್ಸಲ್ ಮಾಡುವ ಮುಂಚೆ ಸ್ಟೇಟಸ್ ಡೈರೆಕ್ಟರ್ ನೋಡಿ. ಯಾವುದಕ್ಕಾಗಿ ಕಾಯುತ್ತಿದೆ ಎಂದು ಅಲ್ಲೇ ಬರೆದಿರುತ್ತದೆ.

ಹೈಯರ್ ಪ್ರಯಾರಿಟಿ ಜಾಬ್‌ಗಳು ಮುಗಿಯಲಿ ಎಂದು ಕಾಯುತ್ತಿದ್ದರೆ, ಪ್ರಯಾರಿಟಿ ನಂಬರ್‌ಗಳನ್ನು ನೋಡಿ. ನಂಬರ್ ಸಣ್ಣದಾದಷ್ಟೂ ಜಾಬ್ ಮೊದಲು. ಏನೂ ಹೇಳದಿದ್ದರೆ 10. ಬೇರೆ ಬೇರೆ ಪ್ರಯಾರಿಟಿಯ ಜಾಬ್‌ಗಳು ಸಾಮಾನ್ಯವಾಗಿ ಒಟ್ಟಿಗೆ ಓಡುವುದಿಲ್ಲ. ಮುಖ್ಯವಾದ ಸರ್ವರ್‌ಗೆ 5, ಇನ್ನೊಂದಕ್ಕೆ 6, ಮತ್ತೊಂದಕ್ಕೆ 7 ಎಂದು ಕೊಟ್ಟವರ ಜಾಬ್‌ಗಳೆಲ್ಲ ರೇಷನ್ ಅಂಗಡಿ ಕ್ಯೂನಂತೆ ಒಂದರ ಹಿಂದೆ ಒಂದು ನಿಂತಿರುತ್ತವೆ. ಎಲ್ಲಕ್ಕೂ 10 ಕೊಡಿ, ಕ್ಯಾಟಲಾಗ್ ಬ್ಯಾಕಪ್‌ಗೆ ಮಾತ್ರ 11. ಅದು ಎಲ್ಲದರ ನಂತರವೇ ಓಡಬೇಕು.

ಮ್ಯಾಕ್ಸ್ ಜಾಬ್ಸ್ ಎಂದು ಕಾಯುತ್ತಿದ್ದರೆ, ಒಟ್ಟಿಗೆ ಎಷ್ಟು ಜಾಬ್ ಓಡಬಹುದು ಎಂಬ ಮಿತಿ ಯಾವುದೋ ಒಂದು ಕಡೆ ಕಡಿಮೆ ಇದೆ. ಈ ಮಿತಿ ಡೈರೆಕ್ಟರ್, ಕ್ಲೈಂಟ್, ಸ್ಟೋರೇಜ್, ಜಾಬ್ ಎಲ್ಲದರಲ್ಲೂ ಪ್ರತ್ಯೇಕವಾಗಿದೆ. ಒಂದು ಕಡೆ ಏರಿಸಿ ಕೆಲಸ ಆಯಿತು ಅಂದುಕೊಳ್ಳಬೇಡಿ. ಅಲ್ಲದೆ ಒಂದು ಡಿಸ್ಕ್ ಡಿವೈಸ್ ಒಂದು ಸಲಕ್ಕೆ ಒಂದೇ ವಾಲ್ಯೂಮ್ ತೆರೆಯುತ್ತದೆ. ಎರಡು ಜಾಬ್‌ಗಳು ಬೇರೆ ಬೇರೆ ಪೂಲ್‌ಗೆ ಬರೆಯಬೇಕಿದ್ದರೆ ಎರಡು ಡಿವೈಸ್ ಬೇಕು. ಎರಡೂ ಒಂದೇ ಫೋಲ್ಡರ್ ತೋರಿಸಿದರೂ ಪರವಾಗಿಲ್ಲ.

ಮೀಡಿಯಾ ಅಥವಾ ಮೌಂಟ್‌ಗಾಗಿ ಕಾಯುತ್ತಿದ್ದರೆ ನೇರ ಹಂತ 5ಕ್ಕೆ ಹೋಗಿ. ಕ್ಲೈಂಟ್ ಸ್ಟೋರೇಜ್‌ಗೆ ಕನೆಕ್ಟ್ ಆಗಲಿ ಎಂದು ಕಾಯುತ್ತಿದ್ದರೆ ಹಂತ 4.

ಒಂದು ಎಚ್ಚರಿಕೆ. ಬೇರೆ ಜಾಬ್‌ಗಳು ಓಡುತ್ತಿರುವಾಗ ಡೈರೆಕ್ಟರನ್ನು ರೀಸ್ಟಾರ್ಟ್ ಮಾಡಿದರೆ ಅವೆಲ್ಲ ಅರ್ಧಕ್ಕೆ ಸಾಯುತ್ತವೆ. ಡೈರೆಕ್ಟರ್ ಕಾನ್ಫಿಗ್ ಬದಲಿಸಿದರೆ ಮೊದಲು ಡ್ಯಾಶ್ ಟಿ ಆಯ್ಕೆಯಲ್ಲಿ ತಪ್ಪಿದೆಯಾ ಎಂದು ನೋಡಿ, ಆಮೇಲೆ ಬಿಕನ್ಸೋಲ್‌ನಲ್ಲಿ ರೀಲೋಡ್ ಕೊಡಿ. ಫೈಲ್ ಡೀಮನ್, ಸ್ಟೋರೇಜ್ ಡೀಮನ್‌ಗಳ ಕಾನ್ಫಿಗ್ ಬದಲಿಸಿದರೆ ಮಾತ್ರ ಆ ಡೀಮನನ್ನು ರೀಸ್ಟಾರ್ಟ್ ಮಾಡಲೇಬೇಕು. ಯಾವ ಜಾಬೂ ಓಡದ ಸಮಯ ನೋಡಿ ಮಾಡಿ.

## ಹಂತ 4: ಕನೆಕ್ಷನ್ ತೊಂದರೆ

ಹೊಸದಾಗಿ ಹಾಕಿಕೊಂಡವರಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇಲ್ಲಿದೆ. ಡೈರೆಕ್ಟರ್ ಕಾನ್ಫಿಗ್‌ನ ಸ್ಟೋರೇಜ್ ಭಾಗದಲ್ಲಿ ಅಡ್ರೆಸ್ ಎಂದು ಲೋಕಲ್‌ಹೋಸ್ಟ್ ಬರೆದಿರುತ್ತಾರೆ. ಡೈರೆಕ್ಟರ್ ಮತ್ತು ಸ್ಟೋರೇಜ್ ಒಂದೇ ಮಷೀನ್‌ನಲ್ಲಿ ಇರುವುದರಿಂದ ಡೈರೆಕ್ಟರ್‌ಗೆ ಅದು ಸರಿಹೋಗುತ್ತದೆ. ಆದರೆ ಡೈರೆಕ್ಟರ್ ಅದೇ ಅಡ್ರೆಸನ್ನು ಕ್ಲೈಂಟ್‌ಗೂ ಹೇಳುತ್ತದೆ. ಕ್ಲೈಂಟ್ ತನ್ನದೇ ಮಷೀನ್‌ನಲ್ಲಿ ಸ್ಟೋರೇಜ್ ಹುಡುಕುತ್ತಾ ಕೂರುತ್ತದೆ. ಬ್ಯಾಕಪ್ ಸರ್ವರ್ ತನ್ನನ್ನೇ ಬ್ಯಾಕಪ್ ಮಾಡಿಕೊಂಡಾಗ ಎಲ್ಲ ಚೆನ್ನ, ಬೇರೆ ಯಾವ ಕ್ಲೈಂಟೂ ಆಗುವುದಿಲ್ಲ ಅಂದರೆ ಬಹುತೇಕ ಇದೇ ಕಾರಣ. ಅಲ್ಲಿ ಕ್ಲೈಂಟ್‌ಗಳಿಂದ ತಲುಪಬಹುದಾದ ಹೆಸರು ಅಥವಾ ಐಪಿ ಹಾಕಿ.

ಅದರ ಜೊತೆಗೇ ಇನ್ನೊಂದು. ಡೆಬಿಯನ್ ಮತ್ತು ಉಬುಂಟು ಪ್ಯಾಕೇಜ್‌ಗಳ ಕಾನ್ಫಿಗ್‌ನಲ್ಲಿ ಡೀಮನ್‌ಗಳು 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳುವಂತೆ ಇಟ್ಟಿರುತ್ತಾರೆ. ಫೈರ್‌ವಾಲ್ ತೆರೆದರೂ ಹೊರಗಿನಿಂದ ಕನೆಕ್ಷನ್ ಸಿಗುವುದಿಲ್ಲ. ಕ್ಲೈಂಟ್ ಮತ್ತು ಸ್ಟೋರೇಜ್ ಎರಡರಲ್ಲೂ ಆ ಸಾಲು ಬದಲಿಸಬೇಕು.

ಪರೀಕ್ಷೆ ಹೀಗೆ ಮಾಡಿ. ಬ್ಯಾಕಪ್ ಸರ್ವರ್‌ನಿಂದ ಕ್ಲೈಂಟ್‌ನ 9102ಕ್ಕೆ ಟೆಲ್‌ನೆಟ್ ಅಥವಾ ನೆಟ್‌ಕ್ಯಾಟ್ ಹಾಕಿ. ಆಮೇಲೆ ಕ್ಲೈಂಟ್‌ಗೆ ಲಾಗಿನ್ ಆಗಿ, ಅಲ್ಲಿಂದ ಸ್ಟೋರೇಜ್‌ನ 9103ಕ್ಕೆ ಹಾಕಿ. ಎರಡನೆಯದನ್ನು ಕ್ಲೈಂಟ್‌ನಿಂದಲೇ ಮಾಡಬೇಕು, ಮತ್ತು ಡೈರೆಕ್ಟರ್ ಕಾನ್ಫಿಗ್‌ನಲ್ಲಿ ಬರೆದ ಅದೇ ಹೆಸರಿನಿಂದ ಮಾಡಬೇಕು. ಐಪಿ ಹಾಕಿ ನೋಡಿ ಸರಿ ಇದೆ ಅಂದುಕೊಂಡರೆ ಡಿಎನ್‌ಎಸ್ ತೊಂದರೆ ಸಿಗದೇ ಹೋಗುತ್ತದೆ.

ಕನೆಕ್ಷನ್ ಸಿಕ್ಕಿ, ಆಥರೈಸೇಷನ್ ಎರರ್ ಬಂದರೆ ಹೆಸರು ಮತ್ತು ಪಾಸ್‌ವರ್ಡ್ ನೋಡಿ. ಡೈರೆಕ್ಟರ್‌ನಲ್ಲಿ ಆ ಕ್ಲೈಂಟ್‌ಗೆ ಬರೆದ ಪಾಸ್‌ವರ್ಡ್, ಕ್ಲೈಂಟ್‌ನ ಕಾನ್ಫಿಗ್‌ನಲ್ಲಿ ಡೈರೆಕ್ಟರ್ ಭಾಗದಲ್ಲಿರುವ ಪಾಸ್‌ವರ್ಡ್, ಎರಡೂ ಒಂದೇ ಇರಬೇಕು. ಅಷ್ಟೇ ಮುಖ್ಯವಾಗಿ, ಅಲ್ಲಿ ಬರೆದ ಡೈರೆಕ್ಟರ್‌ನ ಹೆಸರೂ ಅಕ್ಷರ ಬಿಡದಂತೆ ಹೊಂದಬೇಕು. ಪಾಸ್‌ವರ್ಡ್ ಹತ್ತು ಸಲ ನೋಡಿದರೂ ಹೆಸರಿನ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ.

ಜಾಬ್ ಶುರುವಾಗಿ ಎರಡು ಮೂರು ಗಂಟೆ ಓಡಿ, ಆಮೇಲೆ ಕನೆಕ್ಷನ್ ರೀಸೆಟ್ ಎಂದು ಸಾಯುತ್ತದೆಯಾ? ಇಲ್ಲಿ ಪಾಸ್‌ವರ್ಡ್, ಅಡ್ರೆಸ್ ಮುಟ್ಟಬೇಡಿ. ಕ್ಲೈಂಟ್ ಸ್ಟೋರೇಜ್‌ಗೆ ಡೇಟಾ ಕಳಿಸುತ್ತಿರುವಾಗ ಡೈರೆಕ್ಟರ್ ಜೊತೆಗಿನ ಕನೆಕ್ಷನ್ ಸುಮ್ಮನೆ ಕೂತಿರುತ್ತದೆ. ನಡುವೆ ಇರುವ ಫೈರ್‌ವಾಲ್ ಅದನ್ನು ಸತ್ತಿದೆ ಎಂದು ತಿಳಿದು ಕಡಿದುಹಾಕುತ್ತದೆ. ಕನೆಕ್ಷನ್ ಬದುಕಿದೆ ಎಂದು ತಿಳಿಸಲು ಲಿನಕ್ಸ್ ಕಳಿಸುವ ಕೀಪ್‌ಅಲೈವ್ ಮೊದಲ ಸಲ ಹೋಗುವುದು 7200 ಸೆಕೆಂಡ್, ಅಂದರೆ ಎರಡು ಗಂಟೆ ಆದ ಮೇಲೆ. ಅಷ್ಟರಲ್ಲಿ ಕಥೆ ಮುಗಿದಿರುತ್ತದೆ. ಡೈರೆಕ್ಟರ್, ಕ್ಲೈಂಟ್, ಸ್ಟೋರೇಜ್ ಮೂರರಲ್ಲೂ ಹಾರ್ಟ್‌ಬೀಟ್ ಇಂಟರ್ವಲ್ 60 ಸೆಕೆಂಡ್ ಕೊಡಿ. ಗುರುತು ಏನೆಂದರೆ, ಬದಲಾದ ಫೈಲ್‌ಗಳನ್ನು ಮಾತ್ರ ತೆಗೆಯುವ ಸಣ್ಣ ಇನ್‌ಕ್ರಿಮೆಂಟಲ್‌ಗಳು ಸರಿಯಾಗಿ ಮುಗಿಯುತ್ತವೆ, ಫುಲ್ ಮಾತ್ರ ಸಾಯುತ್ತದೆ.

## ಹಂತ 5: ಬರೆಯಲು ವಾಲ್ಯೂಮ್ ಇಲ್ಲ

ಕ್ಯಾನಾಟ್ ಫೈಂಡ್ ಎನಿ ಅಪೆಂಡಬಲ್ ವಾಲ್ಯೂಮ್ಸ್. ಬಾಕ್ಯುಲಾ ಬಳಸುವವರಿಗೆಲ್ಲ ಈ ಸಾಲು ಬಾಯಿಪಾಠ ಆಗಿರುತ್ತದೆ. ಡಿಸ್ಕ್‌ನಲ್ಲಿ ಜಾಗ ಇದ್ದರೂ ಇದು ಬರಬಹುದು, ಅದಕ್ಕೇ ಗೊಂದಲ.

ಮೊದಲು ಡಿಸ್ಕ್ ನಿಜವಾಗಿ ತುಂಬಿದೆಯಾ ನೋಡಿ. ಆಮೇಲೆ ಆ ಫೋಲ್ಡರ್‌ಗೆ ಬರೆಯುವ ಅನುಮತಿ ಬಾಕ್ಯುಲಾ ಯೂಸರ್‌ಗೆ ಇದೆಯಾ ನೋಡಿ. ರೂಟ್ ಆಗಿ ಟೆಸ್ಟ್ ಫೈಲ್ ಬರೆದು ನೋಡಿದರೆ ಪ್ರಯೋಜನವಿಲ್ಲ, ರೂಟ್ ಎಲ್ಲಿ ಬೇಕಾದರೂ ಬರೆಯುತ್ತದೆ ಅಲ್ವಾ. ರೆಡ್‌ಹ್ಯಾಟ್ ಕಡೆಯ ಸಿಸ್ಟಂ ಆದರೆ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ಕೂಡ ತಡೆಯುತ್ತಿರಬಹುದು.

ಇವೆರಡೂ ಸರಿ ಇದ್ದರೆ ಲಿಸ್ಟ್ ವಾಲ್ಯೂಮ್ಸ್ ಕೊಡಿ. ಅಪೆಂಡ್ ಎಂದಿದ್ದರೆ ಇನ್ನೂ ಬರೆಯಬಹುದು. ಫುಲ್, ಯೂಸ್ಡ್ ಎಂದಿದ್ದರೆ ಬರೆಯುವುದು ಮುಗಿದಿದೆ, ರಿಟೆನ್ಷನ್ (ಎಷ್ಟು ದಿನ ಉಳಿಸಿಕೊಳ್ಳಬೇಕು ಎಂಬ) ಅವಧಿ ಕಳೆಯುವವರೆಗೆ ಮುಟ್ಟುವಂತಿಲ್ಲ. ಪರ್ಜ್ಡ್ ಎಂದಿದ್ದರೆ ಮರುಬಳಕೆಗೆ ಸಿದ್ಧ. ಎರರ್ ಎಂದಿದ್ದರೆ ಏನೋ ಎಡವಟ್ಟಾಗಿದೆ. ಯುಪಿಎಸ್ ಇಲ್ಲದ ಕಡೆ ಕರೆಂಟ್ ಹೋಗಿ ಸರ್ವರ್ ದಢಕ್ಕನೆ ಆಫ್ ಆದರೆ, ವಾಲ್ಯೂಮ್‌ನ ಗಾತ್ರ ಕ್ಯಾಟಲಾಗ್‌ನ ಲೆಕ್ಕಕ್ಕೆ ಹೊಂದದೆ ಈ ಗುರುತು ಬೀಳುವುದುಂಟು. ಅದರ ಮೇಲೆ ಮತ್ತೆ ಬರೆಸುವ ಹಟ ಬೇಡ. ಅದರಲ್ಲಿನ ಹಳೆಯ ಜಾಬ್‌ಗಳ ಅವಧಿ ಮುಗಿಯುವವರೆಗೆ ಹಾಗೇ ಇರಲಿ.

ಇಲ್ಲಿ ಆಗುವ ಲೆಕ್ಕದ ತಪ್ಪು ಇದು. 2 ಟಿಬಿ ಡಿಸ್ಕ್ ಇದೆ. ಒಂದು ವಾಲ್ಯೂಮ್‌ಗೆ 50 ಜಿಬಿ ಮಿತಿ, ಪೂಲ್‌ಗೆ ಗರಿಷ್ಠ 35 ವಾಲ್ಯೂಮ್. ಒಟ್ಟು 1750 ಜಿಬಿ, ಡಿಸ್ಕ್‌ನೊಳಗೆ ಹಿಡಿಯುತ್ತದೆ. ದಿನಕ್ಕೆ ಸರಾಸರಿ 70 ಜಿಬಿ ಬರೆದರೆ 25 ದಿನಕ್ಕೆ ಎಲ್ಲ ತುಂಬುತ್ತವೆ. ರಿಟೆನ್ಷನ್ 30 ದಿನ ಇಟ್ಟಿದ್ದರೆ ಕೊನೆಯ ಐದು ದಿನ ಬರೆಯಲು ಜಾಗವೇ ಇಲ್ಲ. ರಿಟೆನ್ಷನ್ ಏನೂ ಬರೆಯದೆ ಬಿಟ್ಟವರಿಗಂತೂ 365 ದಿನ. ಒಂದೋ ರಿಟೆನ್ಷನ್ ಇಳಿಸಬೇಕು, ಇಲ್ಲವೇ ಡಿಸ್ಕ್ ಜಾಸ್ತಿ ಹಾಕಬೇಕು.

ರಿಟೆನ್ಷನ್ ಇಳಿಸಿದರೂ ಏನೂ ಬದಲಾಗಲಿಲ್ಲ ಎಂಬ ದೂರು ಆಮೇಲೆ ಬರುತ್ತದೆ. ಪೂಲ್‌ನ ಸೆಟ್ಟಿಂಗ್ ವಾಲ್ಯೂಮ್‌ಗೆ ಅಂಟುವುದು ಅದು ಹುಟ್ಟಿದಾಗ. ಆಮೇಲೆ ಕಾನ್ಫಿಗ್ ಬದಲಿಸಿದರೆ ಹೊಸ ವಾಲ್ಯೂಮ್‌ಗಳಿಗೆ ಮಾತ್ರ ಅನ್ವಯ. ರೀಲೋಡ್ ಮಾಡಿದ ಮೇಲೆ ಬಿಕನ್ಸೋಲ್‌ನಲ್ಲಿ ಅಪ್‌ಡೇಟ್ ಕೊಟ್ಟು, ವಾಲ್ಯೂಮ್ ಪ್ಯಾರಾಮೀಟರ್ಸ್ ಆರಿಸಿ, ಪೂಲ್‌ನಿಂದ ಎಲ್ಲ ವಾಲ್ಯೂಮ್‌ಗಳಿಗೂ ಹರಡುವ ಆಯ್ಕೆ ಒತ್ತಿ. ಈ ಒಂದು ಹೆಜ್ಜೆ ಬಿಟ್ಟೇ ಎಷ್ಟೋ ಜನ ಸೋಲುವುದು.

ಇನ್ನೊಂದು ಬಲೆ: ವಾಲ್ಯೂಮ್‌ಗೆ ಗಾತ್ರದ ಮಿತಿಯೂ ಇಲ್ಲ, ಬಳಕೆಯ ಅವಧಿಯೂ ಇಲ್ಲ, ಜಾಬ್‌ಗಳ ಸಂಖ್ಯೆಯ ಮಿತಿಯೂ ಇಲ್ಲ. ಆಗ ಒಂದೇ ಫೈಲ್ ಬೆಳೆಯುತ್ತಾ ಹೋಗುತ್ತದೆ. ರಿಟೆನ್ಷನ್ ಎಣಿಕೆ ಕೊನೆಯ ಸಲ ಬರೆದ ಹೊತ್ತಿನಿಂದ ಶುರು. ದಿನಾ ಬರೆಯುವ ವಾಲ್ಯೂಮ್‌ಗೆ ಅವಧಿ ಎಂದೂ ಮುಗಿಯುವುದಿಲ್ಲ. ಡಿಸ್ಕ್ ತುಂಬಿದ ದಿನವೇ ಇದು ಗೊತ್ತಾಗುವುದು.

ಜಾಗ ಬೇಕೆಂದು ವಾಲ್ಯೂಮ್ ಫೈಲ್‌ಗಳನ್ನು ಡಿಸ್ಕ್‌ನಿಂದ ನೇರ ಅಳಿಸಬೇಡಿ. ಕ್ಯಾಟಲಾಗ್ ಅವು ಇವೆ ಎಂದೇ ನಂಬಿರುತ್ತದೆ, ರಿಸ್ಟೋರ್ ಮಾಡುವ ದಿನ ಕೈ ಕೊಡುತ್ತದೆ. ಮೊದಲು ಪ್ರೂನ್ ಮಾಡಿ ನೋಡಿ, ಅದು ಅವಧಿ ಮುಗಿದದ್ದನ್ನು ಮಾತ್ರ ತೆಗೆಯುತ್ತದೆ. ಪರ್ಜ್ ಹಾಗಲ್ಲ, ರಿಟೆನ್ಷನ್ ಲೆಕ್ಕಿಸದೆ ದಾಖಲೆ ಅಳಿಸುತ್ತದೆ. ಒಳಗೆ ಏನಿದೆ ಎಂದು ನೋಡದೆ ಪರ್ಜ್ ಕೊಡಬೇಡಿ. ಪರ್ಜ್ ಮಾಡಿದ ಮಾತ್ರಕ್ಕೆ ಡಿಸ್ಕ್‌ನಲ್ಲಿ ಜಾಗ ಬಿಡುವಾಗುವುದೂ ಇಲ್ಲ. ಫೈಲ್ ಅಷ್ಟೇ ದೊಡ್ಡದಾಗಿ ಕೂತಿರುತ್ತದೆ, ಮುಂದಿನ ಜಾಬ್ ಅದರ ಮೇಲೆ ಬರೆಯುತ್ತದೆ.

## ಹಂತ 6: ಜಾಬ್ ಓಕೆ, ಆದರೆ ಫೈಲ್‌ಗಳಿಲ್ಲ

ಫೇಲ್ ಆದ ಜಾಬ್ ಕೂಗಿ ಹೇಳುತ್ತದೆ. ಇದು ಹೇಳುವುದಿಲ್ಲ, ಹಾಗಾಗಿ ಹೆಚ್ಚು ಅಪಾಯ.

ಫೈಲ್‌ಸೆಟ್‌ನಲ್ಲಿ ಸ್ಲ್ಯಾಶ್ ಎಂದು ಬರೆದರೆ ಇಡೀ ಸರ್ವರ್ ಬಂತು ಎಂದು ಅಂದುಕೊಳ್ಳುತ್ತಾರೆ. ಬಾಕ್ಯುಲಾ ತಾನಾಗಿಯೇ ಒಂದು ಫೈಲ್‌ಸಿಸ್ಟಂನಿಂದ ಇನ್ನೊಂದಕ್ಕೆ ಇಳಿಯುವುದಿಲ್ಲ. ಹೋಮ್ ಅಥವಾ ವಾರ್ ಫೋಲ್ಡರ್ ಬೇರೆ ಪಾರ್ಟಿಷನ್‌ನಲ್ಲಿದ್ದರೆ ಅದು ಬ್ಯಾಕಪ್‌ನಲ್ಲಿ ಇರುವುದೇ ಇಲ್ಲ. ಲಾಗ್‌ನಲ್ಲಿ ವಿಲ್ ನಾಟ್ ಡಿಸೆಂಡ್ ಎಂಬ ಸಾಲು ಇದ್ದರೆ ಇದೇ ವಿಷಯ. ಪರಿಹಾರ, ಪ್ರತಿ ಪಾರ್ಟಿಷನ್‌ನ ಹೆಸರನ್ನೂ ಫೈಲ್‌ಸೆಟ್‌ನಲ್ಲಿ ಬೇರೆ ಬೇರೆ ಸಾಲಾಗಿ ಬರೆಯುವುದು. ಒನ್‌ಎಫ್‌ಎಸ್ ಆಯ್ಕೆಯನ್ನು ನೋ ಮಾಡಿದರೂ ಆಗುತ್ತದೆ, ಆದರೆ ಆಗ ಪ್ರಾಕ್, ಸಿಸ್, ಎನ್‌ಎಫ್‌ಎಸ್ ಮೌಂಟ್‌ಗಳೆಲ್ಲ ಒಳಗೆ ಬರುತ್ತವೆ. ನನ್ನ ಮತ ಮೊದಲ ದಾರಿಗೆ.

ಫೈಲ್‌ಸೆಟ್ ಬದಲಿಸಿದ ಮೇಲೆ ಜಾಬ್ ಓಡಿಸುವ ಮುಂಚೆ ಎಸ್ಟಿಮೇಟ್ ಕಮಾಂಡ್ ಅನ್ನು ಲಿಸ್ಟಿಂಗ್ ಜೊತೆ ಕೊಡಿ. ಏನನ್ನೂ ಬರೆಯದೆ, ಯಾವ ಯಾವ ಫೈಲ್ ಬರುತ್ತದೆ ಎಂದು ಪಟ್ಟಿ ತೋರಿಸುತ್ತದೆ.

ಇನ್‌ಕ್ರಿಮೆಂಟಲ್‌ನಲ್ಲಿ ಇನ್ನೊಂದು ರಂಧ್ರ ಇದೆ. ಯಾವ ಫೈಲ್ ಬದಲಾಗಿದೆ ಎಂದು ಬಾಕ್ಯುಲಾ ನೋಡುವುದು ಫೈಲ್‌ನ ಸಮಯಗಳಿಂದ. ಒಂದು ಫೋಲ್ಡರನ್ನು ಬೇರೆ ಕಡೆಯಿಂದ ಮೂವ್ ಮಾಡಿದರೆ ಒಳಗಿನ ಫೈಲ್‌ಗಳ ಸಮಯ ಬದಲಾಗುವುದಿಲ್ಲ. ಮುಂದಿನ ಫುಲ್‌ವರೆಗೆ ಅವು ಬ್ಯಾಕಪ್‌ನಲ್ಲಿ ಹೊಸ ಜಾಗದಲ್ಲಿ ಇರುವುದಿಲ್ಲ. ಜಾಬ್‌ನಲ್ಲಿ ಆಕ್ಯುರೇಟ್ ಯೆಸ್ ಮಾಡಿದರೆ ಇದು ಸರಿಹೋಗುತ್ತದೆ. ಹಳೆಯ ಪಟ್ಟಿಯನ್ನು ಕ್ಲೈಂಟ್‌ಗೆ ಕಳಿಸಬೇಕಾದ್ದರಿಂದ ಮೆಮೊರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ.

ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳು ಇರುವವರು ಒಂದು ವಿಷಯ ಗಮನಿಸಿ. ಕ್ಯಾಟಲಾಗ್ ಪೋಸ್ಟ್‌ಗ್ರೆಸ್‌ನಲ್ಲಿದ್ದರೆ ಅದರ ಎನ್‌ಕೋಡಿಂಗ್ ಎಸ್‌ಕ್ಯೂಎಲ್ ಆಸ್ಕಿ ಇರಬೇಕು, ಯುಟಿಎಫ್-8 ಅಲ್ಲ. ತಲೆಕೆಳಗು ಅನ್ನಿಸುತ್ತದೆ ನಿಜ. ಆದರೆ ಲಿನಕ್ಸ್‌ನಲ್ಲಿ ಫೈಲ್ ಹೆಸರು ಅಂದರೆ ಬರೀ ಬೈಟ್‌ಗಳು, ಯಾವುದೋ ಹಳೆಯ ಫೈಲ್‌ನ ಹೆಸರು ಸರಿಯಾದ ಯುಟಿಎಫ್-8 ಆಗಿಲ್ಲದಿದ್ದರೆ ಡೇಟಾಬೇಸ್ ಅದನ್ನು ತಿರಸ್ಕರಿಸುತ್ತದೆ. ಎಸ್‌ಕ್ಯೂಎಲ್ ಆಸ್ಕಿ ಬೈಟ್‌ಗಳನ್ನು ಇದ್ದ ಹಾಗೇ ಇಟ್ಟುಕೊಳ್ಳುತ್ತದೆ, ಕನ್ನಡದ ಹೆಸರಿಗೂ ಏನೂ ಆಗುವುದಿಲ್ಲ.

## ಹಂತ 7: ಇನ್‌ಕ್ರಿಮೆಂಟಲ್ ಇದ್ದಕ್ಕಿದ್ದಂತೆ ಫುಲ್ ಆಯಿತು

ಹಿಂದಿನ ಫುಲ್ ಸಿಗಲಿಲ್ಲ, ಹಾಗಾಗಿ ಫುಲ್ ಮಾಡುತ್ತಿದ್ದೇನೆ ಎಂಬ ಸಾಲು ಲಾಗ್‌ನ ಮೊದಲಲ್ಲೇ ಇರುತ್ತದೆ. ಕಾರಣಗಳು ಹೆಚ್ಚಿಲ್ಲ. ಹಿಂದಿನ ಫುಲ್ ಫೇಲ್ ಆಗಿದೆ. ಅಥವಾ ರಿಟೆನ್ಷನ್ ಚಿಕ್ಕದಾಗಿ ಫುಲ್‌ನ ದಾಖಲೆಯೇ ಅಳಿದಿದೆ. ಅಥವಾ ನೀವು ಫೈಲ್‌ಸೆಟ್ ಬದಲಿಸಿದ್ದೀರಿ, ಅಥವಾ ಜಾಬ್‌ನ ಹೆಸರು ಬದಲಿಸಿದ್ದೀರಿ. ಫೈಲ್‌ಸೆಟ್ ಬದಲಾದಾಗ ಫುಲ್ ಆಗುವುದು ಒಳ್ಳೆಯದೇ. ಅದನ್ನು ತಡೆಯುವ ಆಯ್ಕೆ ಇದೆ, ಬಳಸದಿರಿ. ಶುಕ್ರವಾರ ಸಂಜೆ ಫೈಲ್‌ಸೆಟ್ ತಿದ್ದುವ ಮುಂಚೆ ಡಿಸ್ಕ್‌ನಲ್ಲಿ ಒಂದು ಫುಲ್‌ಗೆ ಜಾಗ ಇದೆಯಾ ನೋಡಿಕೊಳ್ಳಿ, ಸಾಕು.

## ಹಂತ 8: ಡೇಟಾಬೇಸ್ ಇರುವ ಸರ್ವರ್

ಓಡುತ್ತಿರುವ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್‌ನ ಡೇಟಾ ಫೋಲ್ಡರನ್ನು ನೇರ ಕಾಪಿ ಮಾಡಿದರೆ ಜಾಬ್ ಓಕೆ ಎನ್ನುತ್ತದೆ, ರಿಸ್ಟೋರ್ ಮಾಡಿದ ಡೇಟಾಬೇಸ್ ಏಳದೇ ಹೋಗಬಹುದು. ಜಾಬ್ ಶುರುವಾಗುವ ಮುಂಚೆ ಕ್ಲೈಂಟ್‌ನಲ್ಲಿ ಡಂಪ್ (ಡೇಟಾಬೇಸ್‌ನಲ್ಲಿರುವುದನ್ನು ಫೈಲ್‌ಗೆ ಬರೆದ ಪ್ರತಿ) ತೆಗೆಯುವ ಸ್ಕ್ರಿಪ್ಟ್ ಓಡಿಸಿ, ಆ ಡಂಪ್ ಫೈಲನ್ನು ಬ್ಯಾಕಪ್ ಮಾಡಿ.

ಸ್ಕ್ರಿಪ್ಟ್ ಎರರ್ ಕೋಡ್ ಕೊಟ್ಟರೆ ಬಾಕ್ಯುಲಾ ಜಾಬನ್ನು ಫೇಲ್ ಮಾಡುತ್ತದೆ. ಆದರೆ ಡಂಪನ್ನು ಪೈಪ್ ಮೂಲಕ ಜಿಜಿಪ್‌ಗೆ ಕೊಟ್ಟಿದ್ದರೆ ಶೆಲ್ ನೋಡುವುದು ಕೊನೆಯ ಕಮಾಂಡ್‌ನ ಫಲಿತಾಂಶ ಮಾತ್ರ. ಡಂಪ್ ಪಾಸ್‌ವರ್ಡ್ ತಪ್ಪಾಗಿ ಸತ್ತರೂ ಜಿಜಿಪ್ ಖಾಲಿ ಫೈಲನ್ನು ನೀಟಾಗಿ ಒತ್ತಿ ಸೊನ್ನೆ, ಅಂದರೆ ಎಲ್ಲ ಸರಿ ಎಂಬ ಕೋಡ್, ಕೊಡುತ್ತದೆ. ಬ್ಯಾಶ್‌ನಲ್ಲಿ ಸ್ಕ್ರಿಪ್ಟ್‌ನ ತಲೆಯಲ್ಲೇ ಪೈಪ್‌ಫೇಲ್ ಆನ್ ಮಾಡಿ. ಡಂಪ್ ಫೈಲ್ ನೂರು ಬೈಟ್‌ಗಿಂತ ಚಿಕ್ಕದಿದ್ದರೆ ಎರರ್ ಕೊಡುವ ಒಂದು ಸಾಲನ್ನೂ ಸೇರಿಸಿ.

ವಿಂಡೋಸ್ ಕ್ಲೈಂಟ್ ಆದರೆ ತೆರೆದಿರುವ ಫೈಲ್‌ಗಳಿಗೆ ವಿಎಸ್‌ಎಸ್ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯನ್ನು ವಿಂಡೋಸ್ ಹಿಡಿದಿಡುವ ಪ್ರತಿ) ಬೇಕು. ಅದು ಫೇಲ್ ಆದರೆ ವಿಂಡೋಸ್‌ನಲ್ಲೇ ವಿಎಸ್‌ಎಸ್ ರೈಟರ್‌ಗಳ ಪಟ್ಟಿ ತೆಗೆದು ಯಾವುದು ಕೆಟ್ಟಿದೆ ನೋಡಿ. ತೊಂದರೆ ಬಾಕ್ಯುಲಾದಲ್ಲಿ ಇರುವುದಿಲ್ಲ.

## ಹಂತ 9: ರಿಸ್ಟೋರ್ ಮಾಡಿ ನೋಡಿ

ಸರಿಮಾಡಿದ ಮೇಲೆ ಟೆಸ್ಟ್ ಜಾಬ್ ಓಡಿಸಿ, ಆಮೇಲೆ ನಿಜವಾದ ಜಾಬ್ ಓಡಿಸಿ, ಆಮೇಲೆ ರಿಸ್ಟೋರ್ ಕಮಾಂಡ್‌ನಲ್ಲಿ ಆ ಕ್ಲೈಂಟ್‌ನ ಇತ್ತೀಚಿನ ಬ್ಯಾಕಪ್ ಆರಿಸಿ. ಕೆಲವು ಫೈಲ್‌ಗಳನ್ನು ಮಾರ್ಕ್ ಮಾಡಿ, ಡನ್ ಕೊಡಿ. ಯೆಸ್ ಒತ್ತುವ ಮುಂಚೆ ವೇರ್ ಎಂಬ ಸಾಲು ನೋಡಿ. ಅದು ಯಾವುದಾದರೂ ತಾತ್ಕಾಲಿಕ ಫೋಲ್ಡರ್ ಆಗಿರಬೇಕು. ಖಾಲಿ ಅಥವಾ ಬರೀ ಸ್ಲ್ಯಾಶ್ ಇದ್ದರೆ ಓಡುತ್ತಿರುವ ಸರ್ವರ್‌ನ ಫೈಲ್‌ಗಳ ಮೇಲೆಯೇ ಹಳೆಯವು ಬಂದು ಕೂರಬಹುದು. ಬಂದ ಫೈಲ್‌ಗಳನ್ನು ತೆರೆದು ನೋಡಿ. ಡಂಪ್ ಆದರೆ ಟೆಸ್ಟ್ ಡೇಟಾಬೇಸ್‌ಗೆ ಹಾಕಿ ನೋಡಿ.

ಒಂದೊಂದೇ ಫೈಲ್ ಆರಿಸುವ ಮರ ಕಾಣದೆ, ಇಡೀ ಜಾಬ್ ರಿಸ್ಟೋರ್ ಮಾಡಲೇ ಎಂದು ಕೇಳಿದರೆ ಗಾಬರಿ ಬೇಡ. ಫೈಲ್ ರಿಟೆನ್ಷನ್ ಏನೂ ಹೇಳದಿದ್ದರೆ 60 ದಿನ, ಜಾಬ್ ರಿಟೆನ್ಷನ್ 180 ದಿನ. ನಡುವಿನ ಅವಧಿಯಲ್ಲಿ ಜಾಬ್ ಗೊತ್ತು, ಫೈಲ್ ಹೆಸರುಗಳು ಮರೆತಿವೆ ಅಷ್ಟೇ. ವಾಲ್ಯೂಮ್ ಮೇಲೆ ಹೊಸದು ಬರೆಯುವವರೆಗೆ ಡೇಟಾ ಅದರಲ್ಲಿ ಇದ್ದೇ ಇರುತ್ತದೆ.

ಕೊನೆಯದಾಗಿ, ಬ್ಯಾಕಪ್ ಸರ್ವರೇ ಸುಟ್ಟುಹೋದರೆ ಏನು ಎಂಬುದನ್ನು ಈಗಲೇ ಸಿದ್ಧ ಮಾಡಿಕೊಳ್ಳಿ. ಕ್ಯಾಟಲಾಗ್ ಬ್ಯಾಕಪ್ ಜಾಬ್‌ಗೆ ರೈಟ್ ಬೂಟ್‌ಸ್ಟ್ರಾಪ್ ಸಾಲು ಸೇರಿಸಿ. ಬ್ಯಾಕಪ್ ಯಾವ ವಾಲ್ಯೂಮ್‌ನಲ್ಲಿ ಎಲ್ಲಿದೆ ಎಂದು ಹೇಳುವ ಒಂದು ಬೂಟ್‌ಸ್ಟ್ರಾಪ್ ಫೈಲ್ ಆಗ ಸಿಗುತ್ತದೆ. ಆ ಪುಟ್ಟ ಫೈಲ್ ಪ್ರತಿ ರಾತ್ರಿ ಬೇರೆ ಮಷೀನ್‌ಗೆ ಅಥವಾ ಮೇಲ್‌ಗೆ ಹೋಗುವಂತೆ ಮಾಡಿ. ಅದಿದ್ದರೆ ಕ್ಯಾಟಲಾಗ್ ಇಲ್ಲದೆಯೂ ಬಿಎಕ್ಸ್‌ಟ್ರಾಕ್ಟ್ ಬಳಸಿ ವಾಲ್ಯೂಮ್‌ನಿಂದ ನೇರ ಕ್ಯಾಟಲಾಗ್ ಡಂಪ್ ಹೊರತೆಗೆಯಬಹುದು. ಇಲ್ಲದಿದ್ದರೆ ಬಿಸ್ಕ್ಯಾನ್‌ನಿಂದ ವಾಲ್ಯೂಮ್‌ಗಳನ್ನೆಲ್ಲ ಮೊದಲಿಂದ ಓದಿಸಿ ಕ್ಯಾಟಲಾಗ್ ಮರುಕಟ್ಟಬೇಕು, ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಈ ಎರಡೂ ಸಾಧನಗಳಿಗೆ ಸ್ಟೋರೇಜ್ ಡೀಮನ್‌ನ ಕಾನ್ಫಿಗ್ ಫೈಲ್ ಬೇಕೇ ಬೇಕು. ಬೂಟ್‌ಸ್ಟ್ರಾಪ್ ಫೈಲ್ ಇಟ್ಟ ಜಾಗದಲ್ಲೇ ಅದರ ಒಂದು ಪ್ರತಿಯನ್ನೂ ಇಡಿ.